ಬಫರ್ ಮಾಡಿದ ತಪ್ಪೇನು?

ಮಳೆಗಾಲ ಹಿಡಿದರೆ ಮಡಿಕೇರಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ: ‘ರೇಡಿಯೊ ಸ್ಟ್ರೀಮ್ ಕೇಳುವಾಗ ಬಫರಿಂಗ್ ಬರುತ್ತಿದೆ, ತೆಗೆಯುವುದು ಹೇಗೆ?’ ಕೂಡಲೇ ಯಾರೋ ‘ಬಫರ್ ಸೊನ್ನೆಗೆ ಇಳಿಸಿ’ ಎನ್ನುತ್ತಾರೆ. ಬಫರ್ ಎಂದರೆ ಪ್ಲೇಯರ್ ಮುಂಚಿತವಾಗಿ ಕೂಡಿಟ್ಟುಕೊಂಡ ಧ್ವನಿ. ಹಾಡು ನಿಲ್ಲುವುದು ಅದು ಬರಿದಾದಾಗ. ಅದು ಮತ್ತೆ ತುಂಬಿಕೊಳ್ಳುವುದಕ್ಕೆ ಬಫರಿಂಗ್ ಎಂದು ಹೆಸರು. ಇವರು ಔಷಧಿಯನ್ನೇ ರೋಗ ಎನ್ನುತ್ತಿದ್ದಾರೆ.

ಇಂಗ್ಲಿಷಿನ ಹಳೆಯ ‘ಬಫ್’ ಮೆತ್ತನೆಯ ವಸ್ತುವಿಗೆ ಬಿದ್ದ ಪೆಟ್ಟಿನ ಸದ್ದು. ಪೆಟ್ಟನ್ನು ತಾಳಿಕೊಳ್ಳುವುದು ಬಫರ್. ಕೊಡಗಿನಲ್ಲಿ ರೈಲು ಹಳಿಯಿಲ್ಲ, ಆದರೂ ಮೈಸೂರು ನಿಲ್ದಾಣದಲ್ಲಿ ಹಳೆಯ ನೀಲಿ ಬೋಗಿಗಳ ತುದಿಗೆ ಜೋಡಿಸಿದ ಎರಡು ದುಂಡನೆಯ ಕಬ್ಬಿಣದ ತಟ್ಟೆಗಳನ್ನು ಬಹಳ ಮಂದಿ ನೋಡಿರುತ್ತಾರೆ. ಬೋಗಿಗೆ ಬೋಗಿ ತಾಗಿದಾಗ ಆ ಬಫರ್‌ಗಳು ಒಳಕ್ಕೆ ಕುಗ್ಗಿ ಪೆಟ್ಟನ್ನು ನುಂಗುತ್ತವೆ. ಧಾನ್ಯದ ಬಫರ್ ದಾಸ್ತಾನು, ನಾಗರಹೊಳೆಯ ಬಫರ್ ವಲಯ, ಎಲ್ಲದರಲ್ಲೂ ಕೆಲಸ ಅದೇ: ನಡುವೆ ನಿಂತು ತಾಳುವುದು. (ಕಾಡಂಚಿನಲ್ಲಿ ತೋಟವಿರುವವರ ಅಭಿಪ್ರಾಯ ಬೇರೆಯಿರಬಹುದು, ಅದು ಬೇರೆಯೇ ಜಗಳ.)

ಕಂಪ್ಯೂಟರಿನ ಟರ್ಮಿನಲ್‌ನಲ್ಲಿ (ಆದೇಶ ಬರೆಯುವ ಕಿಟಕಿಯಲ್ಲಿ) ಎಂಪಿವಿ ಎಂಬ ಪ್ಲೇಯರ್‌ಗೆ ಸ್ಟ್ರೀಮಿನ ವಿಳಾಸ ಕೊಟ್ಟರೆ ಇದು ಕಣ್ಣಿಗೇ ಕಾಣುತ್ತದೆ. ಕೆಳಗಿನ ಸಾಲಿನಲ್ಲಿ ‘ಕ್ಯಾಶ್’ ಎಂಬುದರ ಮುಂದೆ, ಕೂಡಿಟ್ಟ ಧ್ವನಿ ಎಷ್ಟು ಸೆಕೆಂಡಿನದು ಎಂದಿರುತ್ತದೆ. ಗಾಳಿಮಳೆಗೆ ನೆಟ್‌ವರ್ಕ್ ಹೋದರೆ ನಾಲ್ಕು ಇದ್ದದ್ದು ಮೂರು, ಎರಡು ಎಂದು ಇಳಿಯುತ್ತದೆ. ಅಷ್ಟು ಹೊತ್ತೂ ಹಾಡು ನಡೆದೇ ಇರುತ್ತದೆ. ಎಫ್‌ಎಫ್‌ಪ್ಲೇ ಎಂಬ ಇನ್ನೊಂದು ಪ್ಲೇಯರ್‌ಗೆ ‘ನೋಬಫರ್’ ಎಂದು ಹೇಳಿಕೊಟ್ಟವರಿಗೆ ಈ ಸೌಕರ್ಯವೂ ಕಡಿಮೆ.

ಇನ್ನು ‘ಮೂರು ನಿಮಿಷದ ಬಫರ್ ಕೇಳಿದ್ದೆ, ಆದರೂ ನಿಂತಿತು’ ಎನ್ನುವವರು. ನೇರ ಪ್ರಸಾರದಲ್ಲಿ ಮುಂದಿನ ನಿಮಿಷದ ಮಾತನ್ನು ಯಾರೂ ಇನ್ನೂ ಆಡಿಯೇ ಇಲ್ಲ. ಸರ್ವರ್ ಎಲ್ಲಿಂದ ತಂದು ಕೊಡಬೇಕು? ಇಂಟರ್ನೆಟ್ ರೇಡಿಯೊ ಹಂಚುವ ಐಸ್‌ಕಾಸ್ಟ್ ಸರ್ವರ್ ಸಾಮಾನ್ಯವಾಗಿ ಕೇಳುಗ ಸೇರಿದೊಡನೆ ಈಗಾಗಲೇ ಪ್ರಸಾರವಾದ 64 ಕಿಲೋಬೈಟ್‌ಗಳನ್ನು ಒಮ್ಮೆಲೇ ಕಳಿಸುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ನ ಸ್ಟ್ರೀಮಿನಲ್ಲಿ ಅದು ಸುಮಾರು ನಾಲ್ಕು ಸೆಕೆಂಡಿನ ಧ್ವನಿ, ಅಷ್ಟೇ. ಹೆಚ್ಚು ಬೇಕಿದ್ದರೆ ನೀವೇ ನೇರ ಪ್ರಸಾರಕ್ಕಿಂತ ಹಿಂದೆ ಉಳಿಯಬೇಕು. ಎಂಪಿವಿಯಲ್ಲಿ ‘ಕ್ಯಾಶ್-ಪಾಜ್-ಇನಿಷಿಯಲ್’ ಆಯ್ಕೆ ಹಾಕಿ, ‘ಕ್ಯಾಶ್-ಪಾಜ್-ವೇಟ್’ ಅನ್ನು 30ಕ್ಕೆ ಇಟ್ಟರೆ ಅದು ಅರ್ಧ ನಿಮಿಷದ ಧ್ವನಿ ಕೂಡಿಟ್ಟುಕೊಂಡೇ ಹಾಡಲು ಶುರುಮಾಡುತ್ತದೆ. ಮೆಮೊರಿಯಲ್ಲಿ ಅದಕ್ಕೆ ಅರ್ಧ ಎಂಬಿಯೂ ಬೇಡ.

ತೆರಬೇಕಾದದ್ದು ವಿಳಂಬ. ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥೋದ್ಭವವನ್ನು ಸ್ಟ್ರೀಮಿನಲ್ಲಿ ಕೇಳುತ್ತಾ, ಗಡಿಯಾರ ಹಿಡಿದು ಮುಹೂರ್ತ ತಪ್ಪಿತು ಎಂದು ವಾದಿಸುವವರು ಇದನ್ನು ಗಮನಿಸಬೇಕು. ಎಚ್‌ಎಲ್‌ಎಸ್ ಎಂಬ ಇನ್ನೊಂದು ಬಗೆಯ ಪ್ರಸಾರದಲ್ಲಿ ಧ್ವನಿ ತುಂಡುತುಂಡಾಗಿ ಬರುತ್ತದೆ. ತುಂಡಿಗೆ 6 ಸೆಕೆಂಡು ಎಂದುಕೊಂಡರೆ, ಕೊನೆಯಿಂದ ಮೂರನೆಯ ತುಂಡಿನಿಂದ ಆರಂಭಿಸುವ ಪ್ಲೇಯರ್ ಸುಮಾರು 18 ಸೆಕೆಂಡು ಹಿಂದಿರುತ್ತದೆ. ಎಫ್‌ಎಫ್‌ಪ್ಲೇಗೆ ಆಧಾರವಾದ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ, ಯಾವ ತುಂಡಿನಿಂದ ಆರಂಭಿಸಬೇಕೆಂದು ಹೇಳುವ ‘ಲೈವ್ ಸ್ಟಾರ್ಟ್ ಇಂಡೆಕ್ಸ್’ ಮೂಲದಲ್ಲೇ ಮೈನಸ್ 3 ಇರುವುದು, ಅಂದರೆ ಕೊನೆಯಿಂದ ಮೂರನೆಯದು ಎಂದಿರುವುದು, ಇದಕ್ಕಾಗಿ. ಮೈನಸ್ 1 ಮಾಡಿದರೆ ವಿಳಂಬ ಇಳಿಯುತ್ತದೆ, ನಿಜ. ಆಮೇಲೆ ಒಂದೇ ಒಂದು ತುಂಡು ತಡವಾದರೂ ಧ್ವನಿ ನಿಲ್ಲುತ್ತದೆ.