ಅವಿಲಾ ಮನೆಯಲ್ಲಿ ಗೋಡೆಯನ್ನು ಮೊದಲು ನೋಡಿ

ಲಾಸ್ ಏಂಜಲೀಸ್ ನಗರದ ಓಲ್ವೆರಾ ಬೀದಿಯಲ್ಲಿರುವ ಅವಿಲಾ ಅಡೋಬಿ, ಆ ನಗರದಲ್ಲಿ ಇಂದಿಗೂ ನಿಂತಿರುವ ವಾಸದ ಮನೆಗಳಲ್ಲಿ ಅತ್ಯಂತ ಹಳೆಯದು. ಕ್ಯಾಲಿಫೋರ್ನಿಯಾ ಇನ್ನೂ ಸ್ಪೇನಿನ ಆಳ್ವಿಕೆಯಲ್ಲಿದ್ದ 1818ರಲ್ಲಿ, ದನಕರುಗಳ ದೊಡ್ಡ ಒಡೆಯನಾಗಿದ್ದ ಮತ್ತು ಅದಕ್ಕೂ ಮೊದಲು ಊರಿನ ಆಡಳಿತದ ಮುಖ್ಯಸ್ಥನೂ ಆಗಿದ್ದ ಫ್ರಾನ್ಸಿಸ್ಕೋ ಅವಿಲಾ ಇದನ್ನು ಕಟ್ಟಿಸಿದನು. ಮನೆ ಈಗ ನಗರಾಡಳಿತದ ವಸ್ತುಸಂಗ್ರಹಾಲಯವಾಗಿದೆ. ಪ್ರವೇಶ ಉಚಿತ, ಯೂನಿಯನ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಮಕ್ಕಳ ಮನೆಗೆಂದು ಆ ಕಡೆ ಹೋಗುವ ನಮ್ಮ ಹಿರಿಯರೂ ಅಲ್ಲಿಗೆ ಭೇಟಿ ಕೊಡುವುದುಂಟು. ಮಂಚ, ಮೇಜು, ಪಿಂಗಾಣಿ ಪಾತ್ರೆಗಳನ್ನು ನೋಡಿ ಹೊರಬರುವವರೇ ಹೆಚ್ಚು. ಮಣ್ಣಿನ ಕಟ್ಟಡಗಳ ದುರಸ್ತಿಯಲ್ಲಿ ತೊಡಗಿಕೊಂಡಿರುವ ನನ್ನ ಕೋರಿಕೆಯೆಂದರೆ, ಪೀಠೋಪಕರಣಗಳಿಗಿಂತ ಮೊದಲು ಗೋಡೆಯನ್ನು ನೋಡಿ.

ಅಡೋಬಿ ಎಂದರೆ ಜೇಡಿ, ಮರಳು, ಒಣಹುಲ್ಲುಗಳನ್ನು ಕಲಸಿ, ಅಚ್ಚಿಗೆ ಹಾಕಿ, ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಒಣಗುವಾಗ ಜೇಡಿ ಕುಗ್ಗಿ ಬಿರುಕು ಬಿಡದಂತೆ ಹುಲ್ಲು ತಡೆಯುತ್ತದೆ. ಇಟ್ಟಿಗೆಗಳನ್ನು ಕೂಡಿಸುವ ಗಾರೆಯೂ ಅದೇ ಮಣ್ಣು. ಅವಿಲಾ ಮನೆಯ ಗೋಡೆಗಳು ಎರಡೂವರೆಯಿಂದ ಮೂರು ಅಡಿ ದಪ್ಪವಾಗಿವೆ. ಕಿಟಕಿಯ ಬಳಿ ನಿಂತರೆ ಈ ದಪ್ಪ ಕಣ್ಣಿಗೆ ಕಾಣುತ್ತದೆ, ಮಧ್ಯಾಹ್ನದ ಹೊತ್ತಿಗೆ ಹೋದರೆ ಮೈಗೂ ತಿಳಿಯುತ್ತದೆ: ಹಗಲಿನ ಕಾವು ಇಷ್ಟು ದಪ್ಪದ ಮಣ್ಣನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊರಗೆ ರಾತ್ರಿಯ ತಂಪು ಶುರುವಾಗಿರುತ್ತದೆ. ಮೊದಲಿಗೆ ನೆಲವೂ ಬಡಿದು ಗಟ್ಟಿ ಮಾಡಿದ ಮಣ್ಣಿನದಾಗಿತ್ತು. ಚಾವಣಿ ಚಪ್ಪಟೆಯಾಗಿದ್ದು, ಸಮೀಪದ ಲಾ ಬ್ರೆಯಾದಲ್ಲಿ ನೆಲದಿಂದ ತಾನಾಗಿ ಉಕ್ಕುವ ಡಾಂಬರನ್ನು ತಂದು ಅದಕ್ಕೆ ಬಳಿಯುತ್ತಿದ್ದರು. ಬಯಲುಸೀಮೆಯ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಈ ಕಟ್ಟೋಣದ ಹಿಂದಿನ ವಿವೇಕ ಬೇಗ ಅರ್ಥವಾಗುತ್ತದೆ.

ಇನ್ನು ಗೋಡೆಯ ಬುಡವನ್ನು ನೋಡಬೇಕು. ಹಸಿ ಇಟ್ಟಿಗೆ ಮೇಲಿನ ಭಾರವನ್ನು ಚೆನ್ನಾಗಿಯೇ ಹೊರುತ್ತದೆ, ಆದರೆ ನೆನೆದರೆ ಬಲ ಕಳೆದುಕೊಳ್ಳುತ್ತದೆ. ನೆಲದ ತೇವ ಗೋಡೆಯೊಳಗೆ ಮೇಲೇರಿ, ಹೊರಮೈಯಲ್ಲಿ ಆರುವಾಗ ಉಪ್ಪನ್ನು ಬಿಟ್ಟು ಹೋಗುತ್ತದೆ. ಆ ಉಪ್ಪು ಹರಳುಗಟ್ಟಿದಂತೆಲ್ಲ ಮಣ್ಣಿನ ಕಣಗಳು ಸಡಿಲಗೊಂಡು ಉದುರಿ, ಬುಡದಲ್ಲಿ ಗೋಡೆ ಒಳಸರಿಯುತ್ತದೆ. ಸುಣ್ಣದ ಗಿಲಾವು ಈ ತೇವವನ್ನು ಹೊರಬಿಡುತ್ತದೆ, ಸಿಮೆಂಟಿನ ಗಿಲಾವು ಬಿಡುವುದಿಲ್ಲ. ಕಳೆದ ಶತಮಾನದಲ್ಲಿ ಕ್ಯಾಲಿಫೋರ್ನಿಯಾದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ, ಮನೆ ಗಟ್ಟಿಯಾಗಲಿ ಎಂಬ ಸದುದ್ದೇಶದಿಂದಲೇ ಮಣ್ಣಿನ ಗೋಡೆಗಳಿಗೆ ಸಿಮೆಂಟು ಬಳಿದರು. ಹೊರಗಿನಿಂದ ಹೊಸದರಂತೆ ಕಾಣುವ ಅಂತಹ ಗೋಡೆಯ ಒಳಗೆ ಮಣ್ಣು ಕೆಸರಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹಳೆಯ ಮನೆಗಳಿಗೆ ಗೆದ್ದಲಿಗಿಂತಲೂ ಹೆಚ್ಚಿನ ಹಾನಿಯನ್ನು ಈ ಸಿಮೆಂಟು ಮಾಡಿದೆ ಎಂಬುದು ನನ್ನ ಅಭಿಪ್ರಾಯ.

ಈಗ ನಾವು ನೋಡುವ ಕಟ್ಟಡದಲ್ಲಿ ಎಲ್ಲವೂ 1818ರದಲ್ಲ ಎಂಬುದನ್ನೂ ತಿಳಿದಿರಬೇಕು. ಮೂಲದಲ್ಲಿ ಈ ಮನೆ ಹೆಚ್ಚುಕಡಿಮೆ ಇದರ ಎರಡರಷ್ಟು ಉದ್ದವಾಗಿದ್ದು, ಅದರ ಒಂದು ತೋಳು ಇಂದಿನ ಬೀದಿಯ ಕಡೆಗೆ ಚಾಚಿಕೊಂಡಿತ್ತು. ಅವಿಲಾ 1832ರಲ್ಲಿ ತೀರಿಕೊಂಡನು. 1847ರ ಜನವರಿಯಲ್ಲಿ ಅಮೆರಿಕದ ಪಡೆಗಳು ಊರನ್ನು ವಶಪಡಿಸಿಕೊಂಡಾಗ, ಕಮೊಡೋರ್ ರಾಬರ್ಟ್ ಸ್ಟಾಕ್ಟನ್ ಕೆಲಕಾಲ ಈ ಮನೆಯನ್ನೇ ತನ್ನ ಠಾಣ್ಯವಾಗಿಸಿಕೊಂಡಿದ್ದನು. ಮುಂದೆ ಪಾಳುಬಿದ್ದ ಮನೆಯನ್ನು 1920ರ ದಶಕದ ಕೊನೆಯಲ್ಲಿ ವಾಸಕ್ಕೆ ಅಯೋಗ್ಯವೆಂದು ಘೋಷಿಸಿ ಕೆಡವಲು ಹೊರಟಾಗ, ಕ್ರಿಸ್ಟೀನ್ ಸ್ಟರ್ಲಿಂಗ್ ಎಂಬಾಕೆ ಸಾರ್ವಜನಿಕ ಅಭಿಯಾನ ನಡೆಸಿ ಅದನ್ನು ಉಳಿಸಿಕೊಂಡರು; 1930ರಲ್ಲಿ ಓಲ್ವೆರಾ ಬೀದಿ ಮೆಕ್ಸಿಕನ್ ಮಾರುಕಟ್ಟೆಯಾಗಿ ತೆರೆದುಕೊಂಡಿತು. ಸ್ಟರ್ಲಿಂಗ್ ರೂಪಿಸಿದ ಆ ಬೀದಿಯಲ್ಲಿ ಚರಿತ್ರೆಗಿಂತ ಕಲ್ಪನೆಯ ಬಣ್ಣ ಗಾಢವಾಗಿದೆಯೆಂಬ ಟೀಕೆಯನ್ನು ನಾನು ಒಪ್ಪುತ್ತೇನೆ, ಆದರೆ ಅವರಿಲ್ಲದಿದ್ದರೆ ಟೀಕಿಸುವುದಕ್ಕೂ ಅಲ್ಲಿ ಗೋಡೆಯಿರುತ್ತಿರಲಿಲ್ಲ.

1971ರ ಸ್ಯಾನ್ ಫರ್ನಾಂಡೋ ಭೂಕಂಪದಲ್ಲಿ ಮನೆಗೆ ಪೆಟ್ಟು ಬಿದ್ದು, ಅದನ್ನು ಮುಚ್ಚಿ, ಬಲಪಡಿಸಿ ಮತ್ತೆ ತೆರೆಯಬೇಕಾಯಿತು. ಒಳಗಿನ ಕೋಣೆಗಳನ್ನು 1840ರ ದಶಕದ ಉತ್ತರಾರ್ಧದ ಜೀವನ ತೋರುವಂತೆ ಸಜ್ಜುಗೊಳಿಸಲಾಗಿದೆ. ದಪ್ಪ ಮಣ್ಣಿನ ಗೋಡೆ ಭೂಕಂಪದಲ್ಲಿ ಬಿರುಕು ಬಿಟ್ಟ ಮಾತ್ರಕ್ಕೆ ಬೀಳುವುದಿಲ್ಲ. ಬಿರುಕಿನಿಂದ ತುಂಡಾದ ಭಾಗಗಳು ಒಂದಕ್ಕೊಂದು ಸಂಬಂಧ ಕಳೆದುಕೊಂಡು ಹೊರಕ್ಕೆ ವಾಲಿದಾಗ ಬೀಳುತ್ತದೆ. ಗೆಟ್ಟಿ ಸಂರಕ್ಷಣಾ ಸಂಸ್ಥೆಯು 1990ರ ದಶಕದಲ್ಲಿ ಅಡೋಬಿ ಮನೆಗಳ ಮಾದರಿಗಳನ್ನು ಕಂಪನ ಮೇಜಿನ ಮೇಲೆ ಅಲುಗಾಡಿಸಿ ನಡೆಸಿದ ಪರೀಕ್ಷೆಗಳು ಇದನ್ನೇ ತೋರಿಸಿದವು: ಗೋಡೆಯ ತಲೆಯನ್ನು ಚಾವಣಿಗೆ ಬಿಗಿದು, ಪಟ್ಟಿಗಳಿಂದ ಗೋಡೆಯನ್ನು ಸುತ್ತುಕಟ್ಟಿದರೆ, ಮೂಲ ಮಣ್ಣನ್ನು ಕೀಳದೆಯೇ ಜೀವಹಾನಿ ತಪ್ಪಿಸಬಹುದು. 1993ರಲ್ಲಿ ನಮ್ಮ ಗಡಿಗೆ ಹತ್ತಿರವಿರುವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪದಲ್ಲಿ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆಗಳೂ ಅವುಗಳಿಗೆ ಸರಿಯಾಗಿ ಬಿಗಿಯದ ಭಾರವಾದ ಮಣ್ಣಿನ ಮಾಳಿಗೆಗಳೂ ಕುಸಿದು ಸಾವಿರಾರು ಜನ ಸತ್ತರು. ಆ ಬಳಿಕ ಆ ಗಡಿಭಾಗದ ಜನ ಮಣ್ಣನ್ನೇ ಶಂಕಿಸತೊಡಗಿದ್ದು ಸಹಜವಾಗಿದ್ದರೂ, ಅಲ್ಲಿ ದೊಡ್ಡ ದೋಷವಿದ್ದದ್ದು ಬಂಧದಲ್ಲಿ.

ಅವಿಲಾ ಮನೆಗೆ ಹೋದವರು ಪಡಸಾಲೆಯ ಕಡೆಯಿಂದ ಅಂಗಳಕ್ಕೆ ಇಳಿದು, ಮಳೆನೀರು ಗೋಡೆಯಿಂದ ದೂರ ಹರಿಯುವಂತೆ ನೆಲಕ್ಕೆ ಇಳಿಜಾರು ಕೊಟ್ಟಿದ್ದಾರೆಯೇ ಎಂದು ಗಮನಿಸಲಿ. ಯಾವ ಭಾಗ ಹಳೆಯದು, ಯಾವುದು 1971ರ ನಂತರದ್ದು ಎಂದು ಅಲ್ಲಿನ ಸಿಬ್ಬಂದಿಯನ್ನು ಸಂಕೋಚವಿಲ್ಲದೆ ಕೇಳಲಿ. ಗೋಡೆಯನ್ನು ಮಾತ್ರ ಸವರಬಾರದು: ದಿನವೂ ನೂರಾರು ಕೈಗಳು ತಾಗಿದರೆ ಸುಣ್ಣದ ಪದರ ಸವೆದು, ಅದರ ಹಿಂದಿನ ಮಣ್ಣು ಬಯಲಿಗೆ ಬೀಳುತ್ತದೆ.