ಪದ ಪರಿಚಯ: ವ್ಯಸನ

ಉಡುಪಿ ಕಡೆಯ ಮನೆಗಳಿಗೆ ಬರುವ ಉತ್ತರಕ್ರಿಯೆಯ ಕಾಗದದಲ್ಲಿ ‘ದೈವಾಧೀನರಾದರೆಂದು ತಿಳಿಸಲು ವ್ಯಸನಪಡುತ್ತೇವೆ’ ಎಂಬ ಸಾಲನ್ನು ನೋಡಿದವರಿದ್ದಾರೆ. ಅದೇ ಮನೆಯ ಜಗಲಿಗೆ ಬಂದು ಬೀಳುವ ಮದ್ಯವರ್ಜನ ಶಿಬಿರದ ಕರಪತ್ರದಲ್ಲಿ ‘ವ್ಯಸನಮುಕ್ತ’ ಎಂಬ ಮಾತಿರುತ್ತದೆ. ಒಂದು ಕಡೆ ದುಃಖ, ಇನ್ನೊಂದು ಕಡೆ ಚಟ. ಪದ ಮಾತ್ರ ಒಂದೇ.

ಸಂಸ್ಕೃತದ ‘ಅಸ್’ ಧಾತುವಿಗೆ ‘ಎಸೆ’ ಎಂಬ ಅರ್ಥವಿದೆ. ಅದಕ್ಕೆ ‘ವಿ’ ಸೇರಿದಾಗ ಚೆಲ್ಲಾಪಿಲ್ಲಿಯಾಗಿ ಎಸೆಯಲ್ಪಡುವುದು ಎಂದಾಗಿ, ಮುಂದೆ ಕೇಡು, ಕೇಡಿನಿಂದಾದ ಅಳಲು, ಕೇಡಿನತ್ತ ಎಳೆದೊಯ್ಯುವ ಆಸಕ್ತಿ ಎಂದು ಅರ್ಥ ಬೆಳೆದಿದೆ. ಮನುಸ್ಮೃತಿಯ 7ನೆಯ ಅಧ್ಯಾಯ ಅರಸನು ದೂರವಿಡಬೇಕಾದ 18 ವ್ಯಸನಗಳನ್ನು ಹೇಳುತ್ತದೆ: ಕಾಮದಿಂದ ಹುಟ್ಟುವವು 10, ಕ್ರೋಧದಿಂದ ಹುಟ್ಟುವವು 8. ಆ ಹತ್ತರಲ್ಲಿ ಬೇಟೆ, ಜೂಜು, ಮದ್ಯಗಳ ಸಾಲಿನಲ್ಲೇ ಗೀತ, ವಾದ್ಯ, ನೃತ್ಯಗಳೂ ಕುಳಿತಿವೆ. ರಾತ್ರಿಯಿಡೀ ಚೆಂಡೆಯ ಪೆಟ್ಟಿಗೆ ಕಿವಿಗೊಟ್ಟು ಬೆಳೆದ ನಮ್ಮ ಕರಾವಳಿಯವರಿಗೆ ಇದು ಒಪ್ಪುವ ಮಾತಲ್ಲ, ನನಗಂತೂ ಅಲ್ಲ. ಆದರೂ ‘ಅವನಿಗೆ ಆಟದ (ಯಕ್ಷಗಾನದ) ಮರುಳು’ ಎಂದು ಮಂಗಳೂರಿನಲ್ಲಿ ನಾವೇ ಅನ್ನುತ್ತೇವಲ್ಲ! ತಾಳಮದ್ದಳೆಯಲ್ಲಿ ಧರ್ಮರಾಯನ ಅರ್ಥ ಹೇಳುವವರು ಜೂಜಿನ ವ್ಯಸನವನ್ನೂ ವನವಾಸದ ವ್ಯಸನವನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲರು, ಕೇಳುವವರಿಗೆ ಗೊಂದಲವಾಗುವುದಿಲ್ಲ.

ಈ ಎರಡರ್ಥದ ಬೆಲೆ ನನಗೆ ತಿಳಿದದ್ದು 1979ರ ‘ದಿ ರೋಸ್’ ಚಿತ್ರದ ಬಗ್ಗೆ ಬರೆಯಲು ಕುಳಿತಾಗ. ಮಾರ್ಕ್ ರೈಡೆಲ್ ನಿರ್ದೇಶನದ ಈ ಚಿತ್ರದಲ್ಲಿ ಬೆಟ್ ಮಿಡ್ಲರ್ ರಾಕ್ ಗಾಯಕಿ. 1970ರಲ್ಲಿ, 27ನೆಯ ವಯಸ್ಸಿನಲ್ಲಿ ತೀರಿಹೋದ ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಬದುಕಿನ ನೆರಳು ಅದರ ಮೇಲಿದೆ. ದಣಿದ ಗಾಯಕಿ ಒಂದು ವರ್ಷ ಬಿಡುವು ಕೇಳುತ್ತಾಳೆ, ಮ್ಯಾನೇಜರ್ ಕೊಡುವುದಿಲ್ಲ. ಕಡೆಗೆ ಹುಟ್ಟೂರಿನಲ್ಲೇ ಕಛೇರಿ. ಅದಕ್ಕೆ ಮೊದಲು ಅವಳು ತಾನು ಕಲಿತ ಶಾಲೆಯ ಆಟದ ಮೈದಾನದ ಬಳಿಯ ಟೆಲಿಫೋನ್ ಗೂಡಿನಿಂದ ಅಪ್ಪ ಅಮ್ಮನಿಗೆ ಕರೆ ಮಾಡುತ್ತಾಳೆ, ಅಲ್ಲೇ ಹೆರಾಯಿನ್ ಚುಚ್ಚಿಕೊಳ್ಳುತ್ತಾಳೆ, ಆಮೇಲೆ ವೇದಿಕೆಯ ಮೇಲೆ ಹಾಡುತ್ತ ಕುಸಿಯುತ್ತಾಳೆ.

‘ಚಟ’ ಎಂದೊಡನೆ ತಪ್ಪೆಲ್ಲ ಅದಕ್ಕೆ ಬಿದ್ದವರ ತಲೆಗೇ ಬರುತ್ತದೆ. ‘ಗೀಳು’ ತೀರ ಹಗುರ. ಆ ದೃಶ್ಯಕ್ಕಾಗಿ ಮೊದಲು ಬರೆದಿದ್ದ ‘ಚಟ’ವನ್ನು ಹೊಡೆದು ‘ವ್ಯಸನ’ ಎಂದು ತಿದ್ದಿದೆ. ಮನೆಗೆ ಮಾಡಿದ ಕರೆಯೂ ಕೈಯಲ್ಲಿದ್ದ ಸೂಜಿಯೂ ಆ ಪದದೊಳಗೆ ಬರುತ್ತವೆ.