ನಗರದ ದಂಗೆ ಮತ್ತು ಯುದ್ಧಗಳ ಲೆಕ್ಕಶಾಸ್ತ್ರ

ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದ ಕಥೆ, ಅದೇ ಬಿದನೂರಾಗಿದ್ದ ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನ ಕೋಟೆ ನೋಡಲು ಬರುವವರಲ್ಲಿ ಬಹಳ ಮಂದಿಗೆ ಗೊತ್ತಿರುತ್ತದೆ. 1830ರಲ್ಲಿ ಇದೇ ಸೀಮೆಯ ರೈತರು ಕೂಟ ಕಟ್ಟಿ, ಕಂದಾಯ ಕೊಡುವುದಿಲ್ಲವೆಂದು ಕೂತು, ಕೊನೆಗೆ ಮೈಸೂರಿನ ದೊರೆತನವನ್ನೇ ಅಲುಗಾಡಿಸಿದ್ದು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಯುದ್ಧಗಳು ಏಕೆ ಆಗುತ್ತವೆ ಎಂದು ಅಧ್ಯಯನ ಮಾಡುವವರ ಮುಂದೆ ಈ ದಂಗೆಯನ್ನು ಇಟ್ಟರೆ ಅವರು ಕಾರಣಕ್ಕೆ ಕೈಹಾಕುವ ಮುಂಚೆ ಕೇಳುವುದೇ ಬೇರೆ: ಸತ್ತವರೆಷ್ಟು, ಹೊಡೆದಾಡಿದವರು ಯಾರು ಯಾರು?

ಈ ಎಣಿಕೆಗೆ ಗಟ್ಟಿ ರೂಪ ಕೊಟ್ಟವರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡೇವಿಡ್ ಸಿಂಗರ್ ಪ್ರಮುಖರು. ಅವರು 1963ರಲ್ಲಿ ಆರಂಭಿಸಿದ ಯೋಜನೆ 1816ರಿಂದೀಚಿನ ಯುದ್ಧಗಳನ್ನು ಪಟ್ಟಿ ಮಾಡಿದೆ. ಕದನದಲ್ಲಿ 1,000 ಸಾವು ಅದರ ಅಳತೆಗೋಲು. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಪಟ್ಟಿ ವರ್ಷಕ್ಕೆ 25 ಸಾವಾದರೂ ಸಂಘರ್ಷವೆಂದು ದಾಖಲಿಸಿಕೊಳ್ಳುತ್ತದೆ. ಗೆರೆ ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ಫಲಿತಾಂಶವೇ ತಿರುಗಬಹುದು. 1999ರ ಕಾರ್ಗಿಲ್ ನೋಡಿ. ಭಾರತದ ಅಧಿಕೃತ ಲೆಕ್ಕದಲ್ಲಿ ಹುತಾತ್ಮರು 527. ಪಾಕಿಸ್ತಾನದ ಕಡೆಯ ಸಾವು ಕೆಲವು ನೂರು ಎನ್ನುವವರಿದ್ದಾರೆ, ಸಾವಿರಾರು ಎನ್ನುವವರೂ ಇದ್ದಾರೆ. ಸಿಂಗರ್ ಅವರ ಯೋಜನೆ ಕಾರ್ಗಿಲನ್ನು ಯುದ್ಧವೆಂದೇ ಸೇರಿಸಿಕೊಂಡಿದೆ. ಎರಡೂ ಕಡೆ ಚುನಾಯಿತ ಸರ್ಕಾರಗಳಿದ್ದ ಕಾರಣ, ಪ್ರಜಾಪ್ರಭುತ್ವಗಳು ಪರಸ್ಪರ ಯುದ್ಧ ಮಾಡುವುದಿಲ್ಲ ಎಂಬ ಪ್ರಸಿದ್ಧ ವಾದಕ್ಕೆ ಈ ಒಂದು ನಮೂದು ಕಾಲಿಗೆ ಚುಚ್ಚಿದ ಮುಳ್ಳಾಗಿದೆ.

ನಗರದ ದಂಗೆಯ ತೊಡಕು ಇನ್ನೊಂದು ಬಗೆಯದು. 1920ಕ್ಕಿಂತ ಹಿಂದಿನ ಕಾಲಕ್ಕೆ ಆ ಯೋಜನೆ ಒಂದು ನಾಡನ್ನು ಸ್ವತಂತ್ರ ರಾಜ್ಯವೆಂದು ಒಪ್ಪಬೇಕಾದರೆ ಅಲ್ಲಿ 5 ಲಕ್ಷ ಜನರಿರಬೇಕು, ಬ್ರಿಟನ್ ಮತ್ತು ಫ್ರಾನ್ಸ್ ಎರಡರ ರಾಜತಾಂತ್ರಿಕ ಪ್ರತಿನಿಧಿಗಳೂ ಇರಬೇಕು. ಜನಸಂಖ್ಯೆ ಮೈಸೂರಿಗೆ ಧಾರಾಳವಾಗಿತ್ತು, ಫ್ರಾನ್ಸಿನ ದೂತ ಇರಲಿಲ್ಲ. ಹೀಗೆ ಒಂದಿಡೀ ಸಂಸ್ಥಾನವೇ ರಾಜ್ಯಗಳ ಪಟ್ಟಿಯಿಂದ ಹೊರಗುಳಿಯುತ್ತದೆ. ಯುರೋಪಿನ ಅಳತೆಯಲ್ಲಿ ಹೊಲಿದ ಅಂಗಿ ನಮ್ಮ ಹತ್ತೊಂಬತ್ತನೆಯ ಶತಮಾನಕ್ಕೆ ಹೊಂದುವುದಿಲ್ಲ ಎನ್ನದೆ ವಿಧಿಯಿಲ್ಲ.

ಎಣಿಕೆ ಮುಗಿದ ಮೇಲೆ ಹೋಲಿಕೆ. ಒಂದು ದೇಶದ ಒಂದು ವರ್ಷಕ್ಕೆ ಒಂದು ಸಾಲು ಎಂದು ಕೋಷ್ಟಕ ಹಾಕುತ್ತಾರೆ. ಆ ವರ್ಷ ಅಂತರ್ಯುದ್ಧ ಹೊಸದಾಗಿ ಶುರುವಾಗಿದ್ದರೆ 1, ಇಲ್ಲದಿದ್ದರೆ 0. ಪಕ್ಕದ ಕಾಲಂಗಳಲ್ಲಿ ತಲಾ ಆದಾಯ, ಜನಸಂಖ್ಯೆ, ಗುಡ್ಡಗಾಡಿನ ಪ್ರಮಾಣ, ಭಾಷೆ ಮತ್ತು ಧರ್ಮಗಳ ವೈವಿಧ್ಯ. ಆದಾಯದಂಥವನ್ನು ಹಿಂದಿನ ವರ್ಷದಿಂದ ತೆಗೆದುಕೊಳ್ಳಬೇಕು, ಏಕೆಂದರೆ ಯುದ್ಧವೇ ಆದಾಯವನ್ನು ಕುಸಿಸುತ್ತದೆ. ಅದೇ ವರ್ಷದ ಅಂಕಿ ಹಾಕಿದರೆ ಪರಿಣಾಮವನ್ನೇ ಕಾರಣವೆಂದು ಓದಿಬಿಡುತ್ತೇವೆ. ರಾಜ್ಯಶಾಸ್ತ್ರಜ್ಞರಾದ ಜೇಮ್ಸ್ ಫಿಯರಾನ್ ಮತ್ತು ಡೇವಿಡ್ ಲೈಟಿನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ 1945ರಿಂದ 1999ರವರೆಗೆ 161 ದೇಶಗಳನ್ನು ಹೀಗೆ ಜಾಲಾಡಿತು. ಸಿಕ್ಕ ಅಂತರ್ಯುದ್ಧಗಳು 127, ಸತ್ತವರು ಸುಮಾರು 1.62 ಕೋಟಿ. ದೇಶದೇಶಗಳ ನಡುವಿನ 25 ಯುದ್ಧಗಳಲ್ಲಿ ಸತ್ತವರಿಗಿಂತ ಇದು ನಾಲ್ಕು ಪಟ್ಟಿಗೂ ಮಿಗಿಲು. ಆದಾಯದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಭಾಷೆ, ಧರ್ಮಗಳ ವೈವಿಧ್ಯದಿಂದ ಅಂತರ್ಯುದ್ಧದ ಸಂಭವ ಹೆಚ್ಚುತ್ತದೆ ಎನ್ನಲು ಆಧಾರ ಉಳಿಯಲಿಲ್ಲ. ಉಳಿದದ್ದು ಬಡತನ, ದೊಡ್ಡ ಜನಸಂಖ್ಯೆ, ಅಸ್ಥಿರ ಆಡಳಿತ ಮತ್ತು ಬೆಟ್ಟಗುಡ್ಡ. ಘಟ್ಟದ ಕಾಡು ಮತ್ತು ಕವಲೇದುರ್ಗದಂಥ ಕೋಟೆಗಳನ್ನು ಬಲ್ಲ ಮಲೆನಾಡಿಗರಿಗೆ ಕೊನೆಯದನ್ನು ವಿವರಿಸಬೇಕಾಗಿಲ್ಲ. ಅಡಗಲು ಜಾಗವಿದ್ದರೆ ಚಿಕ್ಕ ಪಡೆಯೂ ಬಹುಕಾಲ ಬಾಳುತ್ತದೆ.

ಹಿಂದಿನ ವರ್ಷದ ಆದಾಯ ಹಾಕಿದರೂ ಅನುಮಾನ ಪೂರ್ತಿ ಹೋಗುವುದಿಲ್ಲ. ಯುದ್ಧ ಬರಲಿದೆ ಎಂಬ ವಾಸನೆಗೇ ವ್ಯಾಪಾರ ನಿಲ್ಲುತ್ತದಲ್ಲ! ಅದಕ್ಕೆ 2004ರ ಒಂದು ಅಧ್ಯಯನ ಮಳೆಯನ್ನು ಹಿಡಿಯಿತು. ಮನುಷ್ಯರ ಜಗಳದಿಂದ ಮಳೆ ಬದಲಾಗುವುದಿಲ್ಲ, ಮಳೆಯಾಧಾರಿತ ಬೇಸಾಯದ ಆದಾಯ ಮಾತ್ರ ಮಳೆಯಿಂದ ಬದಲಾಗುತ್ತದೆ. ಆಫ್ರಿಕಾದ 41 ದೇಶಗಳಲ್ಲಿ ಆರ್ಥಿಕ ಬೆಳವಣಿಗೆಯ ದರ 5 ಶೇಕಡಾ ಅಂಶಗಳಷ್ಟು ಕುಸಿದರೆ ಮರುವರ್ಷ ಸಂಘರ್ಷದ ಸಂಭವ ಅರ್ಧದಷ್ಟು ಏರುತ್ತದೆಂದು ಅದು ಹೇಳಿತು. ಉಪಾಯ ಚೆನ್ನಾಗಿದೆ, ಆದರೆ ಮಳೆ ಕಡಿಮೆಯಾದರೆ ಬೆಳೆ ಹಾಳು ಎಂಬ ಕಡೆ ಮಾತ್ರ ಅದು ನಡೆಯುತ್ತದೆ. ಆಗುಂಬೆಯ ಸುತ್ತ ಮಳೆ ಸ್ವಲ್ಪ ಕಮ್ಮಿಯಾದರೆ ನಷ್ಟವೇನೂ ಇಲ್ಲ; ಬಿಡದೆ ಹೊಡೆದರೇ ಅಡಿಕೆಗೆ ಕೊಳೆರೋಗ. ಇಂಥ ಕಡೆ ಮಳೆಯ ಅಂಕಿಯನ್ನು ಕಣ್ಣುಮುಚ್ಚಿ ಹಾಕಿದರೆ ಉತ್ತರ ತಲೆಕೆಳಗಾಗುತ್ತದೆ.

ಇಷ್ಟಾದರೂ ಕೋಷ್ಟಕ ಹೇಳುವುದು ಯುದ್ಧ ಎಲ್ಲಿ ಹೆಚ್ಚು ಸಂಭವ ಎಂಬುದನ್ನಷ್ಟೆ. ಗುಡ್ಡ ನೂರು ವರ್ಷ ಹಾಗೇ ಇರುತ್ತದೆ, ದಂಗೆ 1830ರಲ್ಲೇ ಏಕೆ ಎದ್ದಿತು? ಇದಕ್ಕೆ ಫಿಯರಾನ್ ಅವರದೇ 1995ರ ವಾದ ಹೆಚ್ಚು ಉಪಯುಕ್ತವೆಂದು ನಮಗೆ ತೋರುತ್ತದೆ. ನೂರು ಎಕರೆಗೆ ಇಬ್ಬರ ಜಗಳ ಎನ್ನಿ. ಕಾದಾಡಿದರೆ ಬಲಶಾಲಿ ಗೆಲ್ಲುವ ಸಂಭವ ಶೇ. 60, ಕಾದಾಟದ ಖರ್ಚು ತಲಾ 20 ಎಕರೆಯ ಬೆಲೆ. ಯುದ್ಧದಿಂದ ಬಲಶಾಲಿಗೆ ಸರಾಸರಿ ದಕ್ಕುವುದು 40, ಇನ್ನೊಬ್ಬನಿಗೆ 20. ಹಾಗಾಗಿ ಬಲಶಾಲಿಗೆ 40ಕ್ಕಿಂತ ಹೆಚ್ಚು, 80ಕ್ಕಿಂತ ಕಡಿಮೆ ಕೊಡುವ ಯಾವ ಪಾಲಾದರೂ ಯುದ್ಧಕ್ಕಿಂತ ಇಬ್ಬರಿಗೂ ಲಾಭ. ದ್ವೇಷ, ಲೋಭ, ಬಡತನ ಎಷ್ಟೇ ಇರಲಿ, ಈ ಪಂಚಾಯ್ತಿ ಏಕೆ ಮುರಿಯಿತು ಎಂದು ಹೇಳದ ವಿವರಣೆ ಅರೆಬರೆ.

ಮುರಿಯಲು ಫಿಯರಾನ್ ಕೊಡುವ ಕಾರಣ ಮೂರು. ಎದುರಾಳಿಯ ನಿಜವಾದ ಬಲ ತಿಳಿಯದಿರುವುದು ಮತ್ತು ಅದನ್ನು ಬಚ್ಚಿಡುವುದರಲ್ಲಿ ಅವನಿಗೆ ಲಾಭವಿರುವುದು ಒಂದು. ಜಗಳದ ವಸ್ತು ಪಾಲಾಗದಂಥದ್ದು ಎಂಬುದು ಇನ್ನೊಂದು. 1689ರಲ್ಲಿ ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಾಗ ಔರಂಗಜೇಬನ ಸೇನೆ ಬಂತು. ಆಶ್ರಿತನನ್ನು ಅರ್ಧ ಒಪ್ಪಿಸಲಾಗದು. ಅವನು ಜಿಂಜಿಗೆ ದಾಟಿಹೋದ ಮೇಲೆ ಹಂಚಿಕೊಳ್ಳಲಾಗದ ವಸ್ತುವೇ ಇಲ್ಲವಾಯಿತು, ಜಗಳ ಒಪ್ಪಂದದಲ್ಲಿ ಮುಗಿಯಿತು.

ಮೂರನೆಯದು, ಇಂದಿನ ಮಾತನ್ನು ನಾಳೆ ಉಳಿಸಿಕೊಳ್ಳುವ ಖಾತ್ರಿ ಇಲ್ಲದಿರುವುದು. ನಗರದಲ್ಲಿ ಕೆಟ್ಟದ್ದು ಮುಖ್ಯವಾಗಿ ಇದೇ. ಆಗಿನ ಶರತ್ತು ಪದ್ಧತಿಯಲ್ಲಿ ತಾಲ್ಲೂಕಿನಿಂದ ಇಷ್ಟು ಕಂದಾಯ ಒಪ್ಪಿಸುತ್ತೇನೆಂದು ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರ ಮೊದಲೇ ಬರೆದುಕೊಡುತ್ತಿದ್ದ. ಅರಮನೆ ರಿಯಾಯಿತಿಯ ಮಾತಾಡಿದರೂ ಆ ಮೊತ್ತ ತುಂಬಿಸುವ ಹೊಣೆ ಅಮಲ್ದಾರನ ತಲೆಯ ಮೇಲಿದ್ದಷ್ಟು ದಿನ ರೈತ ನಂಬುವುದಾದರೂ ಹೇಗೆ? ಕೂಟ ಬಿಟ್ಟು ಮನೆಗೆ ಹೋದ ಮರುದಿನ ಅವನು ಒಂಟಿ. ಅಷ್ಟರಲ್ಲಿ ಬೂದಿ ಬಸವಪ್ಪ ತಾನೇ ಬಿದನೂರಿನ ಅರಸುಮನೆತನದ ವಾರಸುದಾರನೆಂದು ಎದ್ದು ನಿಂತ. ಕಂದಾಯವನ್ನು ಮುಕ್ಕಾಲು, ಅರ್ಧ ಎಂದು ಚೌಕಾಸಿ ಮಾಡಬಹುದಿತ್ತು. ಸಿಂಹಾಸನವನ್ನು ಹಾಗೆ ಮಾಡಲಾಗದು.

ರಾಜ್ಯಶಾಸ್ತ್ರಜ್ಞೆ ಬಾರ್ಬರಾ ವಾಲ್ಟರ್ 1997ರಲ್ಲಿ ತೋರಿಸಿದಂತೆ, 1940ರಿಂದ 1990ರ ನಡುವೆ ದೇಶದೇಶಗಳ ಯುದ್ಧಗಳಲ್ಲಿ ಶೇ. 55 ಮಾತುಕತೆಯಲ್ಲಿ ಮುಗಿದರೆ ಅಂತರ್ಯುದ್ಧಗಳಲ್ಲಿ ಮುಗಿದದ್ದು ಶೇ. 20 ಮಾತ್ರ. ಆಯುಧ ಕೆಳಗಿಟ್ಟ ಬಣಕ್ಕೆ ಆಮೇಲೆ ರಕ್ಷಣೆಯಿಲ್ಲ, ಆದ್ದರಿಂದ ಜಾಮೀನು ನಿಲ್ಲುವ ಮೂರನೆಯವರು ಬೇಕು ಎಂಬುದು ಅವರ ವಾದ. ನಗರದಲ್ಲಿ ಆ ಮೂರನೆಯವರು ಈಸ್ಟ್ ಇಂಡಿಯಾ ಕಂಪನಿ. ಅದಕ್ಕೆ ಮೈಸೂರಿನಿಂದ ವರ್ಷವರ್ಷ ಹಣ ಬರಬೇಕಿತ್ತು, ಹಣಕ್ಕೆ ಸಂಚಕಾರ ಬಂದರೆ ಆಡಳಿತಕ್ಕೆ ಕೈಹಾಕಲು 1799ರ ಒಪ್ಪಂದದಲ್ಲೇ ದಾರಿಯಿತ್ತು. 1831ರಲ್ಲಿ ಕಂಪನಿಯ ಪಡೆ ದಂಗೆಯನ್ನು ಅಡಗಿಸಿತು. ಅದೇ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಇಡೀ ಆಡಳಿತ ಕಸಿದುಕೊಂಡರು. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ.